ಮೊದಲು ಅಚ್ಚು, ಆಮೇಲೆ ಬ್ರೇಕು

ಮೆಲ್ಬರ್ನ್ ಅಂಚಿನ ವೆರಿಬೀಯಲ್ಲಿ ಜುಲೈ ಅಂದರೆ ಚಳಿಗಾಲ. ಅರ್ಧ ಎತ್ತಿದ ಗ್ಯಾರೇಜ್ ಬಾಗಿಲಿನಡಿ ದಕ್ಷಿಣದ ಗಾಳಿ ನುಗ್ಗಿ ಕಾಲು ಕೊರೆಯುತ್ತಿದೆ. ನೀವು ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೀರಿ. ಎದುರಿಗೆ, ಸ್ಟ್ಯಾಂಡಿನ ಮೇಲೆ, ಎಂಜಿನ್ ಇಳಿಸಿ ಚೈನ್ ಕಳಚಿದ ಹಳೇ ರೇಸಿಂಗ್ ಕಾರ್ಟು. ಮಗಳು ಹಿಂಚಕ್ರ ತಿರುಗಿಸುತ್ತಾಳೆ. ಅದು ಒಂದು ಸುತ್ತೂ ಮುಗಿಸದೆ ನಿಲ್ಲುತ್ತದೆ. ಬ್ರೇಕಿನ ಒಂದು ಪ್ಯಾಡು ಮಾತ್ರ ಸವೆದಿದೆ, ಅದೂ ಓರೆಯಾಗಿ.

"ಅಪ್ಪ, ಹೊಸ ಪ್ಯಾಡ್ ಹಾಕಿಬಿಡೋಣ್ವಾ?"

"ಈಗಲೇ ಬೇಡ ಪುಟ್ಟಿ. ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕಿಡು. ಮೊದಲು ಅಚ್ಚು ನೋಡೋಣ."

ಕ್ಯಾಲಿಪರ್ ತೆಗೆದ ಮೇಲೂ ಅಚ್ಚು ಬಿಗಿ. ಅಪ್ಪ ಹೇಳಿದ್ದು ಸರಿ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಎರಡೂ ಹಿಂಚಕ್ರಗಳು ಅಚ್ಚು ಅನ್ನುವ ಒಂದೇ ಉಕ್ಕಿನ ಕೊಳವೆಗೆ ಬಿಗಿದುಕೊಂಡು ಒಟ್ಟಿಗೇ ಸುತ್ತುತ್ತವೆ. ತಿರುವಿನಲ್ಲಿ ಚಾಸಿಯೇ ಬಳುಕಿ ಒಳಬದಿಯ ಹಿಂಚಕ್ರವನ್ನು ಚೂರು ಎತ್ತಬೇಕು, ಇಲ್ಲದಿದ್ದರೆ ಗಾಡಿ ತಿರುಗಲು ಒಪ್ಪುವುದಿಲ್ಲ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮೊದಲ ಕಾರ್ಟ್ ಕಟ್ಟಿದ. ಸಸ್ಪೆನ್ಷನ್ ಇಲ್ಲದ ಆ ಸರಳತೆಯೇ ಇವತ್ತಿಗೂ ರೇಸಿಂಗ್ ಕಾರ್ಟಿನ ಜೀವ. ಬ್ರೇಕ್ ಡಿಸ್ಕು ಕೂಡ ಇದೇ ಅಚ್ಚಿನ ಮೇಲೆ ಕೂರುವುದರಿಂದ ಅಚ್ಚು ಸರಿಯಾಗದೆ ಬ್ರೇಕ್ ಮುಟ್ಟುವುದು ವ್ಯರ್ಥ.

50 ಮಿಲಿಮೀಟರಿನ ಟೊಳ್ಳು ಅಚ್ಚು, ಮೂರು ಬೇರಿಂಗು. ಅಪ್ಪ ಚಾಸಿಗೆ ಒಂದು ತಂತಿ ಬಿಗಿದು, ಅದರ ತುದಿ ಅಚ್ಚಿಗೆ ಇನ್ನೇನು ತಾಗಬೇಕು ಅನ್ನುವಲ್ಲಿ ನಿಲ್ಲಿಸುತ್ತಾರೆ. ನೀವು ಹಿಂದಿನಿಂದ ಬೆಳಕು ಬಿಡುತ್ತೀರಿ. ಅಚ್ಚು ಮೆಲ್ಲಗೆ ತಿರುಗುತ್ತದೆ. ಬೆಳಕಿನ ಗೆರೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಚ್ಚು ನೆಟ್ಟಗಿದೆ, ದೋಷ ಅದನ್ನು ಹಿಡಿದಿರುವಲ್ಲಿ.

ಬೇರಿಂಗ್ ಹಿಡಿಕೆಗಳ ಬೋಲ್ಟು, ಗ್ರಬ್ ಸ್ಕ್ರೂ ಎಲ್ಲ ಸಡಿಲ. ಒಡನೆ ಅಚ್ಚು ಹಗುರಾಗುತ್ತದೆ. ಈಗ ಮಗಳು ತಿರುಗಿಸುತ್ತಿರುವಂತೆಯೇ ಅಪ್ಪ ಒಂದೊಂದೇ ಬಿಗಿಯುತ್ತಾರೆ. ಎಡಗಡೆಯದು: ಸುತ್ತು ನಿಂತಿಲ್ಲ. ನಡುವಿನದು: ಪರವಾಗಿಲ್ಲ. ಬಲಗಡೆಯ ಬೋಲ್ಟು ಅರ್ಧ ತಿರುಗುವಷ್ಟರಲ್ಲಿ ಅಚ್ಚು ತಟಕ್ಕನೆ ಹಿಡಿಯುತ್ತದೆ.

"ಸಿಕ್ತು! ಪೇಂಟು ಅಪ್ಪ, ನೋಡಿ!"

ಹಿಂದಿನ ಮಾಲೀಕರು ಬಳಿಸಿದ ಬಣ್ಣ ಹಿಡಿಕೆ ಕೂರುವ ಜಾಗದಲ್ಲಿ ದಪ್ಪಗೆ ಕಟ್ಟಿದೆ. ಹಿಡಿಕೆ ವಾರೆಯಾಗಲು ಅಷ್ಟೇ ಸಾಕು. ಬ್ಲೇಡಿನಿಂದ ಲೋಹ ಕಾಣುವ ತನಕ ಕೆರೆದು ಮತ್ತೆ ಬಿಗಿದಾಗ ಚಕ್ರ ಸುತ್ತುತ್ತಲೇ ಇರುತ್ತದೆ, ಮಗಳು ಬಿಡುಗಣ್ಣಾಗಿ ನೋಡುತ್ತಾಳೆ. ಗೋಡೆಯಲ್ಲಿ ಆಸ್ಕರ್ ಪಿಯಾಸ್ಟ್ರಿ ಚಿತ್ರವಿದೆ. ಇದೇ ಮೆಲ್ಬರ್ನಿನ ಹುಡುಗ, ಓಕ್ಲಿ ಕ್ಲಬ್ಬಿನಲ್ಲಿ ಕಾರ್ಟ್ ಓಡಿಸಿ ಫಾರ್ಮುಲಾ ಒನ್ ಮುಟ್ಟಿದವನು.

ಚಾಸಿಯಿಂದ ಅಚ್ಚಿನ ಎರಡೂ ತುದಿಗೆ ಅಳತೆ ಸಮ ಮಾಡಿ ಗ್ರಬ್ ಸ್ಕ್ರೂಗಳಿಗೆ ಲಾಕ್‌ಟೈಟ್ ಹಾಕಿದ್ದಾಯಿತು. ಬ್ರೇಕಿನ ಸರದಿ. ಈ ಕಾರ್ಟಿಗೆ ಬ್ರೇಕಿರುವುದು ಹಿಂದೆ ಮಾತ್ರ, ಹಾಗಾಗಿ ಇಲ್ಲಿ ಅಂದಾಜು ನಡೆಯುವುದಿಲ್ಲ. ಹೊಸ ಪ್ಯಾಡು ಹಾಕಿ, ಡಿಸ್ಕಿನ ಹಬ್ ಸರಿಸಿ, ಕ್ಯಾಲಿಪರಿನಡಿ ತೆಳು ಶಿಮ್ ಕೊಟ್ಟು, ಎರಡೂ ಬದಿಯ ಸಂದಿಗೆ ಫೀಲರ್ ಗೇಜ್ ತೂರಿಸುತ್ತಾರೆ. ಮೇಲೆ ಕೆಳಗೆ ಒಂದೇ ಅಂತರ ಬಂದರೆ ಓರೆ ಹೋಯಿತು.

"ಒತ್ತು."

ಪೆಡಲ್ ಇಳಿಯುತ್ತದೆ. ಎರಡೂ ಪ್ಯಾಡುಗಳು ಒಟ್ಟಿಗೇ ಡಿಸ್ಕನ್ನು ಕಚ್ಚುತ್ತವೆ. ಬಿಟ್ಟೊಡನೆ ಚಕ್ರ ಸಲೀಸು.

"ಎಂಜಿನ್ ಏರಿಸೋಣ್ವಾ ಅಪ್ಪ?"

"ಪೆಡಲ್ಲಿನ ಸೇಫ್ಟಿ ಕೇಬಲ್ ಕಟ್ಟಿ ಆಮೇಲೆ. ಆ ಪಟ್ಟಿ ಕೊಡು, ಸ್ಪ್ರಾಕೆಟ್ ಸಾಲೂ ನೋಡಬೇಕು."