ವರ್ಷ ಮರೆಯುವ ಕೂಟ

ಗೋವಾದಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರ ಆಗಸ್ಟ್ 15ರಂದು ಕಾಲಿಟ್ಟ ಜಪಾನಿಗೆ ನಾವೂ ಒಂದು ಡಿಸೆಂಬರಿನಲ್ಲಿ ಹೋಗಿದ್ದೆವು. ಅಲ್ಲಿ ಅದು ‘ಬೊನೆನ್‌ಕಾಯ್’ಗಳ ಕಾಲ. ವರ್ಷವನ್ನು ಮರೆಯುವ ಕೂಟವೆಂದೇ ಆ ಪದದ ಅರ್ಥ. ಕಚೇರಿಯವರೆಲ್ಲ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿ ಒಂದು ರಾತ್ರಿ ತಂಗುವುದೂ ಉಂಟು. ಪರಿಚಿತರೊಬ್ಬರು ಕರೆದುದರಿಂದ ಅವರ ತಂಡದೊಡನೆ ಹಕೋನೆಗೆ ಹೊರಟೆವು. ಟೋಕಿಯೊದ ಶಿಂಜುಕುವಿನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ.

ಅಲ್ಲಿ ಮೈ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ಕೊಳಕ್ಕಿಳಿಯಬೇಕು. ಸ್ನಾನದ ನಂತರ ಮೇಲಧಿಕಾರಿಯಿಂದ ಗುಮಾಸ್ತನವರೆಗೆ ಎಲ್ಲರಿಗೂ ಒಂದೇ ಬಗೆಯ ಹತ್ತಿಯ ನಿಲುವಂಗಿ, ‘ಯುಕಾತಾ’. ಚಾಪೆಯ ಮೇಲೆ ಸಾಲಾಗಿ ಕುಳಿತಾಗ ದೊಡ್ಡವರಾರು, ಚಿಕ್ಕವರಾರು ಎಂದು ತಿಳಿಯುವಂತಿರಲಿಲ್ಲ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವುದು ರೂಢಿಯಲ್ಲ; ಪಕ್ಕದವರ ಲೋಟ ಬರಿದಾದುದನ್ನು ಗಮನಿಸಿ ತುಂಬಬೇಕು. ನಮಗೆ ಚಹಾ ತುಂಬಿದರು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಅಂದು ಪರಸ್ಪರ ಲೋಟ ತುಂಬಿದರೆಂದು ಪರಿಚಿತರು ಮೆಲ್ಲನೆ ಹೇಳಿದರು. ಕೊನೆಗೆ ಎಲ್ಲರೂ ಎದ್ದು ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿದರು.

ಮದ್ಯದ ಮಬ್ಬಿನ ಗೆಳೆತನ ಬೆಳಗಿನವರೆಗೆ ಉಳಿದೀತೇ ಎಂಬ ಸಂದೇಹ ನಮಗಿತ್ತು. ಮರುದಿನ ಅವರಿಬ್ಬರೂ ರೈಲಿನಲ್ಲಿ ಅಕ್ಕಪಕ್ಕ ಕುಳಿತಿದ್ದರು.

ಪ್ರಿಯ ಓದುಗರೇ, ದೇವರ ಉಪಕಾರಗಳನ್ನು ಮರೆಯದಿರೋಣ. ಒಬ್ಬರೊಬ್ಬರ ತಪ್ಪುಗಳನ್ನು ಮರೆಯೋಣ. ಡಿಸೆಂಬರ್ 31ರ ಕೃತಜ್ಞತಾ ಬಲಿಪೂಜೆಗೆ ಬರುವ ಮುನ್ನ, ಮುನಿಸಿಕೊಂಡ ಅಣ್ಣತಮ್ಮಂದಿರ, ನೆರೆಯವರ ಮನೆಬಾಗಿಲಿಗೆ ಒಮ್ಮೆ ಹೋಗಿಬರೋಣ.