ಮಣ್ಣು, ನೀರು ಮತ್ತು ಲೆಕ್ಕ

ಓದದಿದ್ದರೆ ನೇಗಿಲು ಹಿಡಿಯಬೇಕಾದೀತು ಎಂಬ ಎಚ್ಚರಿಕೆ ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿದೆ. ವಿದ್ಯೆಯೆಂದರೆ ಹೊಲದಿಂದ ಬಿಡುಗಡೆ ಎಂಬ ಭಾವನೆ ಆ ಮಾತಿನೊಳಗೆ ಅಡಗಿದೆ.

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಚಿಂತೆಯನ್ನು ತೋಡಿಕೊಂಡ. ಪಿಯುಸಿ ಮುಗಿಸಿದ ಮಗಳು ಕೃಷಿ ಇಂಜಿನಿಯರಿಂಗ್ ಓದುವ ಹಟ ಹಿಡಿದಿದ್ದಳು. "ಮಣ್ಣಿನ ಕೆಲಸ ನನಗೇ ಮುಗಿಯಲಿ ಅಂತ ಓದಿಸಿದೆ ಸಾರ್, ಇವಳು ಮತ್ತೆ ಅಲ್ಲಿಗೇ ಹೊರಟಿದ್ದಾಳೆ" ಎಂದ. ಅವನ ನೋವು ಸುಳ್ಳಲ್ಲ. ಆದರೆ ಆ ವಿದ್ಯೆಯ ಸ್ವರೂಪವನ್ನು ಅರಿಯದೆ ಅದನ್ನು ನಿರಾಕರಿಸುವುದು ತರವಲ್ಲ.

ಬಿ.ಎಸ್ಸಿ. ಕೃಷಿ ಬೇರೆ, ಬಿ.ಟೆಕ್. ಕೃಷಿ ಇಂಜಿನಿಯರಿಂಗ್ ಬೇರೆ. ಮೊದಲನೆಯದರಲ್ಲಿ ಬೆಳೆಯೇ ಪ್ರಧಾನ. ಎರಡನೆಯದರಲ್ಲಿ ಬೆಳೆಗೆ ಬೇಕಾದ ಯಂತ್ರ, ನೀರು, ಶಕ್ತಿ ಮತ್ತು ಕೊಯ್ಲಿನ ನಂತರದ ಸಂಸ್ಕರಣೆ. ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ 1942ರಲ್ಲಿ ಈ ಪದವಿ ಶಿಕ್ಷಣ ಆರಂಭವಾಯಿತು. ಖರಗ್‌ಪುರದ ಐಐಟಿಯಲ್ಲಿ 1952ರಲ್ಲಿ ಇದಕ್ಕಾಗಿ ವಿಭಾಗ ತೆರೆಯಿತು. ನಮ್ಮಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಬೆಂಗಳೂರಿನ ಜಿಕೆವಿಕೆಯಲ್ಲಿಯೂ ಈ ಶಿಕ್ಷಣವಿದೆ.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರ್. ಅದರಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಮೇಲ್ಮಣ್ಣನ್ನು ಹೊತ್ತು ಹರಿಯುತ್ತದೆ, ಬದು ಎಲ್ಲಿರಬೇಕು, ಕೃಷಿ ಹೊಂಡ ಎಷ್ಟು ಆಳವಿರಬೇಕು ಎಂಬುದೆಲ್ಲ ಗಣಿತವೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅತಿಯಾಗಿ ಹರಿಸಿದ ನೀರಿನಿಂದ ಅಂತರ್ಜಲ ಮೇಲೇರಿ, ತೇವ ಆವಿಯಾಗಿ, ಉಪ್ಪು ಮೇಲುಳಿದು ಎಷ್ಟೋ ಹೊಲಗಳು ಸವಳಾಗಿವೆ. ನೆಲದಡಿಯಲ್ಲಿ ರಂಧ್ರಗಳಿರುವ ಕೊಳವೆಗಳನ್ನು ಹೂತು ಆ ಉಪ್ಪುನೀರನ್ನು ಬಸಿಯುವ ವಿಧಾನವೂ ಈ ಶಾಸ್ತ್ರದ್ದೇ. ಕಳೆದುಹೋದ ಹೊಲವೊಂದನ್ನು ರೈತನಿಗೆ ಮರಳಿಸುವ ವಿದ್ಯೆಯನ್ನು ಕೀಳೆಂದು ಹೇಗೆ ಹೇಳೋಣ?

ಇನ್ನು ಉದ್ಯೋಗದ ಮಾತು. ಟ್ರ್ಯಾಕ್ಟರ್ ಹಾಗೂ ಕೃಷಿ ಯಂತ್ರಗಳ ಕಾರ್ಖಾನೆಗಳು, ಹನಿ ನೀರಾವರಿ ಕಂಪನಿಗಳು, ಆಹಾರ ಸಂಸ್ಕರಣಾ ಘಟಕಗಳು, ಜಲಾನಯನ ಯೋಜನೆಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳು, ಇವೆಲ್ಲ ಎದುರಿಗಿವೆ. ಮುಂದೆ ಓದುವವರಿಗೆ ಗೇಟ್ ಪರೀಕ್ಷೆಯಲ್ಲಿ ಇದಕ್ಕೇ ಪ್ರತ್ಯೇಕ ಪತ್ರಿಕೆಯಿದೆ. ಆದರೆ ಸರ್ಕಾರಿ ನೇಮಕಾತಿ ವರ್ಷವರ್ಷವೂ ನಡೆಯುವುದಿಲ್ಲ. ಅದೊಂದನ್ನೇ ನೆಚ್ಚಿ ಸೇರುವವರು ನಿರಾಶರಾದಾರು. ಬಿಸಿಲಿನಲ್ಲಿ ನಿಲ್ಲಲಾರದವರಿಗೂ ಇದು ಹೊಂದದು.

ಆ ಹುಡುಗಿಯನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದೇ ಏಕೆ ಮಗು?" "ಅಮ್ಮ ದಿನವೆಲ್ಲ ಬಗ್ಗಿ ಕಳೆ ತೆಗೆಯುತ್ತಾಳೆ. ನಿಂತು ಕೆಲಸ ಮಾಡುವಂಥ ಸಲಕರಣೆ ಅವಳ ಎತ್ತರಕ್ಕೆ ತಕ್ಕಂತೆ ಆಗಬೇಕು" ಎಂದಳು. ತಂದೆ ಮಾತಾಡಲಿಲ್ಲ.

ನಿಮ್ಮ ಮನೆಗಳಲ್ಲಿಯೂ ಇಂತಹ ಆಸಕ್ತಿಯ ಮಕ್ಕಳಿದ್ದರೆ, ಮೊದಲು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ಮೇಳಕ್ಕೋ ಕರೆದೊಯ್ದು ಯಂತ್ರಗಳನ್ನು ತೋರಿಸಿರಿ. ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳೂ ಇವೆ. ಅವುಗಳ ನಿಯಮಗಳನ್ನು ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿರಿ. ಪಹಣಿ ಮೊದಲಾದ ಕಾಗದಪತ್ರಗಳನ್ನು ಕೊನೆಯ ದಿನಕ್ಕೆ ಬಿಡದೆ ಈಗಲೇ ಸಿದ್ಧಪಡಿಸಿಕೊಳ್ಳುವುದು ಒಳಿತು.