ಮಾರಿದ ಮಾಲು ವಾಪಸ್ ಇಲ್ಲ

ನಮ್ಮ ಅಮ್ಮನ ಬಟ್ಟೆ ಅಂಗಡಿ ನಿಮಗೆಲ್ಲ ಗೊತ್ತು. ಸಿಂಗಾಪುರದ ಹಳೇ ಊರಿನ ಬೀದಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ನೈಟಿ, ಲಂಗ, ಚೂಡಿದಾರ್, ಮಕ್ಕಳ ಫ್ರಾಕು, ಚಡ್ಡಿ, ಬನಿಯನ್, ಟವೆಲ್ಲು ಇಷ್ಟೇ ಇರುವುದು. ಆ ಅಂಗಡಿಯ ಗೋಡೆಯಲ್ಲಿ "ಮಾರಿದ ಮಾಲು ವಾಪಸ್ ಇಲ್ಲ" ಎಂದು ಒಂದು ರಟ್ಟು ನೇತಾಡುತ್ತಿತ್ತು. ಅದನ್ನು ಬರೆದವಳು ನಾನೇ. ಅಕ್ಷರ ದುಂಡಾಗಿದೆ ಅಂತ ಈ ಗೋಡೆ ಪತ್ರಿಕೆಯ ತಲೆಬರಹ ಬರೆಯಲು ಟೀಚರ್ ನನಗೆ ಕೊಡುತ್ತಾರಲ್ಲ, ಹಾಗೇ ಅಮ್ಮನೂ ಕೊಟ್ಟಿದ್ದಳು. ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಸುತ್ತ ಹೂಬಳ್ಳಿ ಬೇರೆ ಬಿಡಿಸಿದ್ದೆ. ಈಗ ಆ ರಟ್ಟು ಅಲ್ಲಿಲ್ಲ. ಯಾಕೆ ಇಲ್ಲ ಅಂತ ಕೆಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅದು ಯಾಕೆ ಬಂತು ಎಂದು ಹೇಳಬೇಕು. ಹೋದ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಒಬ್ಬರು ಮಗಳಿಗೆ ಲಂಗ ದಾವಣಿ ತೆಗೆದುಕೊಂಡು ಹೋದರು. ಗಣೇಶನನ್ನು ಬಿಟ್ಟ ಮಾರನೇ ದಿನ "ಅಳತೆ ಆಗಲಿಲ್ಲ" ಅಂತ ವಾಪಸ್ ತಂದರು. ಮಡಿಕೆ ಹಾಗೇ ಇತ್ತು. ಅಮ್ಮ ದುಡ್ಡು ಕೊಟ್ಟು ಕಳಿಸಿದಳು. ಆಮೇಲೆ ಬಿಚ್ಚಿ ನೋಡಿದರೆ ಅಂಚಿನಲ್ಲಿ ಅರಿಸಿನದ ಕಲೆ, ರವಿಕೆಯಲ್ಲಿ ಬೆವರಿನ ವಾಸನೆ. ಹಬ್ಬವನ್ನೆಲ್ಲ ಅದರಲ್ಲೇ ಮಾಡಿದ್ದರು! ಆ ಲಂಗ ಇವತ್ತಿಗೂ ಬೀರುವಿನ ಕೆಳಗಿನ ಅರೆಯಲ್ಲಿ ಬಿದ್ದಿದೆ. ಆವತ್ತು ರಾತ್ರಿಯೇ ಅಮ್ಮ ರಟ್ಟು ತಂದು ನನ್ನ ಮುಂದೆ ಇಟ್ಟಳು.

ಅದಾದ ಮೇಲೆ ಯಾರು ಏನು ತಂದರೂ ಅಮ್ಮ ಮಾತಾಡದೆ ರಟ್ಟಿನ ಕಡೆ ಕೈ ತೋರಿಸುತ್ತಿದ್ದಳು. ಅಪಾರ್ಟ್‌ಮೆಂಟಿನವರು "ಆನ್‌ಲೈನಲ್ಲಾದ್ರೆ ಮನೆಗೇ ಬಂದು ವಾಪಸ್ ತಗೊಂಡು ಹೋಗ್ತಾರೆ" ಅನ್ನುತ್ತಿದ್ದರು. "ಹಂಗಾದ್ರೆ ಅಲ್ಲೇ ತಗೊಳ್ಳಿ" ಅಂತ ಅಮ್ಮ ಅವರು ಹೋದ ಮೇಲೆ ಅನ್ನುತ್ತಿದ್ದಳು, ಎದುರಿಗಲ್ಲ.

ಹೋದ ಡಿಸೆಂಬರ್ ಮೊದಲ ವಾರದಲ್ಲಿ ನನ್ನ ಪಕ್ಕ ಕೂರುವ ಗೆಳತಿಯ ಅಜ್ಜಿ ಬಂದರು. ಗೆಳತಿಯ ಹೆಸರು ಬರೆಯುವುದಿಲ್ಲ, ಅವಳೂ ಇಲ್ಲೇ ನಿಂತು ಓದುತ್ತಾಳೆ. ಅವಳ ತಂಗಿಯ ಹುಟ್ಟುಹಬ್ಬಕ್ಕೆ ಅಜ್ಜಿ 330 ರೂಪಾಯಿ ಕೊಟ್ಟು ಒಂದು ಕೆಂಪು ಫ್ರಾಕು ಒಯ್ದಿದ್ದರು. ಬಿಳಿ ಕಾಲರ್ ಇದ್ದದ್ದು. ಈಗ ಅದನ್ನು ಹಿಡಿದು ತಂದಾಗ ಕಾಲರ್ ಪೂರಾ ಗುಲಾಬಿ ಬಣ್ಣವಾಗಿತ್ತು.

"ಒಂದೇ ಒಗೆತಕ್ಕೆ ಬಣ್ಣ ಬುಟ್ಬುಡ್ತು ಕಣವ್ವ. ಜೊತೆಗಾಕಿದ್ದ ನನ್ನ ಸೀರೇನೂ ಕೆಡಿಸ್ತು" ಅಂದರು.

ಅಮ್ಮ ಎಂದಿನಂತೆ ರಟ್ಟು ತೋರಿಸಿದಳು. "ಬರ್ದು ಹಾಕಿದ್ದೀನಲ್ಲ ಅಜ್ಜಿ."

ಅಜ್ಜಿ ರಟ್ಟನ್ನು ಸ್ವಲ್ಪ ಹೊತ್ತು ನೋಡಿದರು. "ನಂಗೆ ಓದಕ್ ಬರಕಿಲ್ಲ ಕಣವ್ವ. ಹೂವು ಚೆಂದಾಗದೆ. ನೀನು ಬಾಯಲ್ಲಿ ಹೇಳ್ಬೇಕಿತ್ತು" ಅಂದು, ಫ್ರಾಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟರು. ಜಗಳವಾಡಿದ್ದರೆ ಚೆನ್ನಾಗಿತ್ತು. ನಾನು ಬಿಡಿಸಿದ ಹೂಬಳ್ಳಿ ನೋಡಲು ನನಗೇ ಆಗಲಿಲ್ಲ. ಮರುದಿನ ಗೆಳತಿ ಬೇರೆ ಬೆಂಚಿಗೆ ಹೋಗಿ ಕೂತಳು.

ಡಿಸೆಂಬರ್ 24ಕ್ಕೆ ರಾಷ್ಟ್ರೀಯ ಗ್ರಾಹಕರ ದಿನ. 1986ರಲ್ಲಿ ಅದೇ ದಿನ ಗ್ರಾಹಕರ ರಕ್ಷಣೆಯ ಕಾಯಿದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತಂತೆ. ಅದರ ಬದಲು 2019ರಲ್ಲಿ ಹೊಸ ಕಾಯಿದೆ ಆಗಿ, 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಸಮಾಜ ಪಾಠದ ಮೇಷ್ಟ್ರು ಹೇಳಿದ್ದನ್ನು ನಾನು ನೋಟ್ಸಿನಲ್ಲಿ ಬರೆದುಕೊಂಡೆ. ಕೆಟ್ಟ ಮಾಲು ಕೊಟ್ಟು, ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಎಷ್ಟು ದಿನ ಅಂತ ಹಾಕಿದ್ದರೆ ಅಷ್ಟು ದಿನದೊಳಗೆ, ಏನೂ ಹಾಕದಿದ್ದರೆ 30 ದಿನದೊಳಗೆ ಕೊಡಬೇಕು. ಬಿಲ್ಲು ಕೊಡದಿರುವುದೂ ತಪ್ಪೇ. ದೂರು ಹೇಳಬೇಕಾದರೆ 1915ಕ್ಕೆ ಫೋನು ಮಾಡಬಹುದು. ಆದರೆ ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅಂದರೆ ಅಂಗಡಿಯವರು ತೆಗೆದುಕೊಳ್ಳಲೇಬೇಕು ಅಂತ ಕಾಯಿದೆ ಹೇಳುವುದಿಲ್ಲ. ಅದು ಅಂಗಡಿಯವರು ಮೊದಲೇ ಕೊಟ್ಟ ಮಾತಿಗೆ ಬಿಟ್ಟದ್ದು.

ನಾನು ಮನೆಗೆ ಓಡಿಹೋಗಿ ನೋಟ್ಸು ಓದಿದೆ. ಅಮ್ಮನಿಗೆ ಸಿಟ್ಟು ಬಂತು. "ನಿಮ್ಮ ಮೇಷ್ಟ್ರನ್ನೇ ಒಂದು ದಿನ ಅಂಗಡೀಲಿ ಕೂರೋಕೆ ಹೇಳು" ಅಂದಳು. (ಮೇಷ್ಟ್ರು ಕ್ಷಮಿಸಬೇಕು.) ಆಮೇಲೆ ಪೆನ್ನು ತರಿಸಿ ಲೆಕ್ಕ ಮಾಡಿಸಿದಳು. ಚಿಕ್ಕಪೇಟೆಯಲ್ಲಿ ಆ ಫ್ರಾಕಿನ ರೇಟು 260. ಮಾರಿದ್ದು 330. ಉಳಿಯುವುದು 70. ಫ್ರಾಕು ವಾಪಸ್ ಬಂದು ಮತ್ತೆ ಮಾರಲಾಗದಿದ್ದರೆ 260 ಹೋಯಿತು. ಆ ನಷ್ಟ ತುಂಬಬೇಕಾದರೆ ಇನ್ನೂ ನಾಲ್ಕು ಫ್ರಾಕು ಮಾರಬೇಕು. "ನಾಲ್ಕು ಫ್ರಾಕು ಮಾರೋಕೆ ಎಷ್ಟು ದಿನ ಬೇಕು, ಅದನ್ನೂ ಬರಿ" ಅಂದಳು. ನಾನು ಬರೆಯಲಿಲ್ಲ. ಅಮ್ಮ ಹೇಳಿದ್ದೂ ಸರಿಯಾಗೇ ಕಂಡಿತು, ಅದೇ ನನಗೆ ಕಷ್ಟವಾಗಿದ್ದು.

ಆದರೂ ಮಲಗಿದ ಮೇಲೆ ಇನ್ನೊಂದು ಲೆಕ್ಕ ಮಾಡಿದೆ. ಗೆಳತಿಯ ಅಜ್ಜಿ ಸೊಪ್ಪು ಮಾರುತ್ತಾರೆ. ಒಂದು ಕಟ್ಟಿಗೆ ಮೂರು ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಂಡರೂ 330 ರೂಪಾಯಿಗೆ 110 ಕಟ್ಟು ಮಾರಬೇಕು. ಬೆಳಿಗ್ಗೆ ಎದ್ದು ಅಮ್ಮನಿಗೆ ಹೇಳಿದೆ. ಅಮ್ಮ ಮಾತಾಡದೆ ಮುಸುರೆ ಪಾತ್ರೆ ಉಜ್ಜುತ್ತಿದ್ದಳು.

ಅಮ್ಮನ ಮನಸ್ಸು ಬದಲಾದದ್ದು ನನ್ನ ನೋಟ್ಸಿನಿಂದಲ್ಲ, ದಂಟಿನ ಸೊಪ್ಪಿನಿಂದ. ಎರಡು ದಿನ ಬಿಟ್ಟು ಅದೇ ಅಜ್ಜಿ ಬೀದಿಯಲ್ಲಿ ಸೊಪ್ಪು ತಂದಾಗ ಪಕ್ಕದ ಮನೆಯ ಅತ್ತೆ "ನಿನ್ನೆ ಕೊಟ್ಟಿದ್ದರಲ್ಲಿ ಒಳಗೆಲ್ಲ ಹುಳ" ಅಂದರು. ಅಜ್ಜಿ ಕುಕ್ಕೆ ಇಳಿಸಿ ಬೇರೆ ಕಟ್ಟು ತೆಗೆದುಕೊಟ್ಟರು. ಹಳೇ ಕಟ್ಟನ್ನು ತೋರಿಸಿ ಅಂತಲೂ ಕೇಳಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವತ್ತು ಸಾಯಂಕಾಲ ಸ್ಟೂಲು ಹತ್ತಿ ತಾನೇ ರಟ್ಟು ಇಳಿಸಿದಳು.

ಮರುದಿನ ಅಮ್ಮ ಚಿಕ್ಕಪೇಟೆಗೆ ಹೋದಳು. ನನಗೆ ರಜೆ ಇತ್ತು, ಜೊತೆಗೆ ಹೋದೆ. ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್. ಸಗಟು ಅಂಗಡಿಯವರಿಗೆ ಬಣ್ಣ ಬಿಟ್ಟಿದ್ದು ಹೇಳಿದರೆ ಅವರು ಬಿಲ್ಲಿನ ಕೆಳಗಿನ ಸಾಲು ತೋರಿಸಿದರು. ನೋ ರಿಟರ್ನ್ ಅಂತ ಇತ್ತು! ಅಮ್ಮ ನನ್ನ ಮುಖ ನೋಡಿದಳು. ಕೊನೆಗೆ ತುಂಬಾ ಹೇಳಿದ ಮೇಲೆ ಮುಂದಿನ ಮಾಲಿನಲ್ಲಿ 130 ಹಿಡಿದುಕೊಳ್ಳುತ್ತೇನೆ ಅಂದರು. ಇವರ ಮೇಲೂ ದೂರು ಕೊಡಬಹುದಲ್ಲವಾ ಅಂತ ಮೇಷ್ಟ್ರನ್ನು ಕೇಳಿದೆ. ಆಗುವುದಿಲ್ಲವಂತೆ. ಮತ್ತೆ ಮಾರುವುದಕ್ಕೆ ಅಂತ ಕೊಂಡವರು ಆ ಕಾಯಿದೆಯಲ್ಲಿ ಗ್ರಾಹಕರಲ್ಲ. ಹಾಗಾದರೆ ಅಜ್ಜಿಗೆ ಕಾಯಿದೆ ಇದೆ, ಅಮ್ಮನಿಗೆ ಇಲ್ಲ. ಇದು ನನಗೆ ಇನ್ನೂ ಸರಿ ಅನ್ನಿಸಿಲ್ಲ.

ಹೊಸ ನಿಯಮ ಮಾಡಲು ನಮಗೆ ಮೂರು ರಾತ್ರಿ ಹಿಡಿಯಿತು. ಬಣ್ಣ ಬಿಟ್ಟರೆ, ಹೊಲಿಗೆ ಬಿಚ್ಚಿದರೆ, ತೂತಿದ್ದರೆ 30 ದಿನದೊಳಗೆ ದುಡ್ಡೇ ವಾಪಸ್, ಒಗೆದಿದ್ದರೂ ಸರಿ. ಒಗೆಯದೆ ಬಣ್ಣ ಬಿಡುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು? ಅಳತೆ ಆಗದಿದ್ದರೆ ಬದಲಿಗೆ ಬೇರೆ ಬಟ್ಟೆ, ದುಡ್ಡಿಲ್ಲ. ಅದಕ್ಕೆ ಅಮ್ಮ ಮೂರು ದಿನ ಅಂದಳು. ಗಾರೆ ಕೆಲಸಕ್ಕೆ, ಮನೆಕೆಲಸಕ್ಕೆ ಹೋಗುವವರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ ಅಂತ ಅಪ್ಪ ಹೇಳಿದ್ದಕ್ಕೆ ಏಳು ದಿನವಾಯಿತು. ಉಟ್ಟು ತಂದರೆ ಇಲ್ಲ. ಚಡ್ಡಿ, ಬನಿಯನ್ ಅಳತೆಗೆ ಬದಲಾಯಿಸುವುದಿಲ್ಲ, ಆದರೆ ಹರಿದಿದ್ದರೆ ಕೊಡುತ್ತೇವೆ. ವಾಪಸ್ ಬಂದದ್ದನ್ನು ತಂದವರ ಎದುರಿಗೇ ಪೂರ್ತಿ ಬಿಚ್ಚಿ ನೋಡಬೇಕು. ಇದು ಲಂಗ ದಾವಣಿಯಿಂದ ಕಲಿತದ್ದು. ಬಿಲ್ ಪುಸ್ತಕ ತಂದು ಕಾರ್ಬನ್ ಇಟ್ಟು ಬರೆಯುತ್ತೇವೆ. ಬಿಲ್ಲು ಕಳೆದುಕೊಂಡರೂ ನಮ್ಮ ಹತ್ತಿರ ಅದರ ನಕಲು ಇರುತ್ತದೆ. ಇನ್ನು ಗಾಢ ಬಣ್ಣದ ಮಾಲು ಬಂದರೆ ಬಿಳಿ ಬಟ್ಟೆಯ ಚೂರು ಒದ್ದೆ ಮಾಡಿ ಒಳ ಅಂಚಿನಲ್ಲಿ ಉಜ್ಜುತ್ತೇವೆ, ಬಣ್ಣ ಹತ್ತಿದರೆ ಮಾರಾಟಕ್ಕೆ ಇಡುವುದಿಲ್ಲ.

ಇವೆಲ್ಲವನ್ನೂ ರಟ್ಟಿನಲ್ಲಿ ಬರೆದಿದ್ದೇನೆ, ಈ ಸಲ ಹೂವಿಲ್ಲ. ಬರೆದದ್ದಲ್ಲದೆ ದುಡ್ಡು ತೆಗೆದುಕೊಳ್ಳುವ ಮೊದಲು ಬಾಯಲ್ಲೂ ಹೇಳಬೇಕು. ನಾನು ಬಸ್ ಕಂಡಕ್ಟರ್ ಥರ ಗಡಗಡ ಹೇಳುತ್ತೇನೆ ಅಂತ ಅಪ್ಪ ನಗುತ್ತಾರೆ. ಮೊನ್ನೆ ಒಬ್ಬರು 12 ದಿನ ಬಿಟ್ಟು ಚೂಡಿದಾರ್ ತಂದು "ಡಿಸೈನ್ ಹಿಡಿಸ್ಲಿಲ್ಲ, ದುಡ್ಡು ಕೊಡಿ" ಅಂದರು. ಬಟ್ಟೆ ಹೊಸದಾಗೇ ಇತ್ತು. ಅಮ್ಮ ಕೊಡಲಿಲ್ಲ. ಅವರು ಇನ್ನು ಬರಲಾರರೇನೋ.

ಅಜ್ಜಿಯ ಮನೆಗೆ ಅಮ್ಮ ನನ್ನನ್ನೂ ಕರೆದುಕೊಂಡು 330 ರೂಪಾಯಿ ಹಿಡಿದು ಹೋದಳು. ಗೆಳತಿ ಒಳಗೆ ಹೋಗಿಬಿಟ್ಟಳು. ಅಜ್ಜಿ ದುಡ್ಡು ಮುಟ್ಟಲಿಲ್ಲ. "ಮಗೀಗೆ ಬೇರೆ ಫ್ರಾಕೇ ಕೊಡವ್ವ" ಅಂದು, ಸಾಯಂಕಾಲ ಚಿಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಹಿಂದೆ ಗೆಳತಿಯೂ ಇದ್ದಳು. ತಂಗಿ ಹಸಿರು ಫ್ರಾಕು ಆರಿಸಿದಳು. ಅಮ್ಮ ಅದನ್ನು ಕವರಿಗೆ ಹಾಕುತ್ತಿದ್ದಾಗ ಗೆಳತಿ ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದಳು: "ಮೊದ್ಲು ಒದ್ದೆ ಬಟ್ಟೆಯಿಂದ ಉಜ್ಜಿ ತೋರ್ಸೋಕೆ ಹೇಳು."

ನಾನು ಬಿಳಿ ಚೂರು ಒದ್ದೆ ಮಾಡಲು ಬಚ್ಚಲಿಗೆ ಓಡಿದೆ.

- 7ನೇ ತರಗತಿ ವಿದ್ಯಾರ್ಥಿನಿ